ತಂತಿಯಿಂದ ಜ್ಯಾಕ್‌ವರೆಗೆ: ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ನಾದದ ದಾರಿ



ಗಣೇಶನ ಹಬ್ಬ ಬಂತೆಂದರೆ ದಾವಣಗೆರೆ, ಹರಿಹರದ ಕಡೆ ಪೆಂಡಾಲುಗಳು ಏಳುತ್ತವೆ, ಜೊತೆಗೆ ಆರ್ಕೆಸ್ಟ್ರಾಗಳೂ ಬರುತ್ತವೆ. ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳು ಇಂದಿಗೂ ಆ ವೇದಿಕೆಗಳಲ್ಲಿ ಮೊಳಗುತ್ತವೆ. ಆದರೆ ಹಾಡಿಗಿಂತ ಮೊದಲೇ ಇನ್ನೊಂದು ಸದ್ದು ಕಿವಿಗೆ ಬೀಳುತ್ತದೆ. ಗಿಟಾರ್ ಹುಡುಗ ಕೇಬಲನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ ತಕ್ಷಣ ಬರುವ ‘ಗುಂಯ್’ ಎನ್ನುವ ಸದ್ದು ಅದು. ಜನ ಅದನ್ನು ಸಹಿಸಿಕೊಳ್ಳುತ್ತಾರೆ. ಸಹಿಸಿಕೊಳ್ಳಬೇಕಾಗಿಲ್ಲ ಎಂದು ಹೇಳುವುದಕ್ಕೇ ಇವತ್ತು ನಾನು ಬಂದಿದ್ದೇನೆ.

ಆ ಗುಂಯ್‌ಗುಟ್ಟುವಿಕೆ ನಮ್ಮ ಮನೆಮನೆಗೆ ಬರುವ ಕರೆಂಟಿನದೇ ಸದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೊಯ್ದಾಡುತ್ತದೆ. ಹರಿಹರದ ಪಕ್ಕದ ಗುತ್ತೂರಿನ 400 ಕಿಲೋವೋಲ್ಟ್ ಕೇಂದ್ರದಲ್ಲಿ ಹರಿಯುವುದೂ ಅದೇ 50ರ ಲಯದ ವಿದ್ಯುತ್ತೇ. ಒಂದು ಕಡೆ ಹೀಗೆ ವಿದ್ಯುತ್ತು. ಇನ್ನೊಂದು ಕಡೆ ಕಬ್ಬಿಣ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ತುಂಬ ಹೆಸರು ಮಾಡಿದವು. ಕಾರ್ಖಾನೆ ಮುಚ್ಚಿತು, ಆದರೆ ಟರ್ನರ್, ಫಿಟ್ಟರ್ ವಿದ್ಯೆ ಈ ಊರಿನ ಕೈಯಲ್ಲಿ ಉಳಿದಿದೆ. ಎಲೆಕ್ಟ್ರಿಕ್ ಗಿಟಾರ್ ಅಂದರೆ ಈ ಎರಡೂ ಸೇರಿದ ವಾದ್ಯ: ಅರ್ಧ ವಿದ್ಯುತ್ತು, ಅರ್ಧ ಲೋಹದ ಕೆಲಸ. ಅದಕ್ಕೇ ಇದನ್ನು ಸುಧಾರಿಸುವ ಕಸುಬಿನ ಬಗ್ಗೆ ಈ ಸೀಮೆಯವರ ಮುಂದೆ ಮಾತಾಡುವುದು ನನಗೆ ಹೆಚ್ಚಿನ ಸಂತೋಷ.

ವಾದ್ಯದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ತಂತಿಗಳ ಕೆಳಗೆ ಪಿಕಪ್ ಎಂಬ ಭಾಗ ಇರುತ್ತದೆ. ಅದರಲ್ಲಿ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುಮಾರು ಎಂಟು ಸಾವಿರ ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಕಿರಿದಾದ ವಿದ್ಯುತ್ತು ಹುಟ್ಟುತ್ತದೆ. ಒಂದು ವೋಲ್ಟಿನ ಸಣ್ಣ ಪಾಲಿನಷ್ಟಿರುವ ಈ ಸಂಕೇತ ಸೆಲೆಕ್ಟರ್ ಸ್ವಿಚ್ಚು, ವಾಲ್ಯೂಮ್, ಟೋನ್ ಗುಂಡಿಗಳನ್ನು ದಾಟಿ ಜ್ಯಾಕ್ ಮೂಲಕ ಹೊರಗೆ ಬರಬೇಕು. ಇಷ್ಟು ನಾಜೂಕಾದ ಸಂಕೇತಕ್ಕೆ ದಾರಿಯ ಪ್ರತಿಯೊಂದು ಸಡಿಲವೂ ನಷ್ಟವೇ. ಈ ದಾರಿಯನ್ನು ತಂತಿಯಿಂದ ಜ್ಯಾಕ್‌ವರೆಗೆ ಒಂದೊಂದೇ ಹೆಜ್ಜೆ ಪರೀಕ್ಷಿಸಿ, ಎಲ್ಲಿ ನಾದ ಸೋರುತ್ತಿದೆಯೋ ಅಲ್ಲಿ ಮುಚ್ಚುವುದು ಈ ಕಸುಬಿನ ತಿರುಳು.

ಕಡಿಮೆ ಬೆಲೆಯ ಗಿಟಾರುಗಳಲ್ಲಿ ಕೂಡ ಈಗ ಮರದ ಕೆಲಸ ಚೆನ್ನಾಗಿಯೇ ಇರುತ್ತದೆ. ಕಂಪ್ಯೂಟರ್ ಹಿಡಿತದ ಯಂತ್ರ ಕತ್ತಿನ ಕೂಡಿಕೆಯನ್ನು ನಿಖರವಾಗಿ ಕೊರೆಯುತ್ತದೆ. ತಯಾರಕರು ಹಣ ಉಳಿಸುವುದು ಕಣ್ಣಿಗೆ ಕಾಣದ ಕಡೆ: ತಂತಿಗೆ ಆಸರೆಯಾಗುವ ಪ್ಲಾಸ್ಟಿಕ್ಕಿನ ನಟ್, ಬ್ರಿಡ್ಜಿನಡಿಯ ಸತುವಿನ ಮಿಶ್ರಲೋಹದ ಬ್ಲಾಕು, ಪುಟಾಣಿ ಗುಂಡಿಗಳು, ಹಿಡಿತವಿಲ್ಲದ ಜ್ಯಾಕು. ಆದ್ದರಿಂದ ಮರ ಗಟ್ಟಿಯಾಗಿ, ಕತ್ತು ನೆಟ್ಟಗಿರುವ ವಾದ್ಯವನ್ನು ಮಾರಿ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಒಳಗಿನದನ್ನು ಸರಿಪಡಿಸಿದರೆ ಸಾಕು.

ಕೆಲಸ ಶುರುವಾಗಬೇಕಾದ್ದು ತಂತಿ ಎಲ್ಲೆಲ್ಲಿ ಆತುಕೊಳ್ಳುತ್ತದೋ ಅಲ್ಲಿಂದ. ನಮ್ಮ ಸಂಗೀತದವರಿಗೆ ಇದು ಹೊಸ ಮಾತಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜೀವಾಳ ಕೂಡಿಸುವವರಿಗೆ, ತಂತಿಯ ಆಸರೆಯಲ್ಲೇ ನಾದದ ಹುಟ್ಟು ಎಂಬುದು ಗೊತ್ತು. ಗಿಟಾರ್‌ನಲ್ಲಿ ಬಿರಡೆಗಳ ಪಕ್ಕದ ಆಸರೆ ನಟ್. ಅದರಲ್ಲಿ ತಂತಿ ಕೂರುವ ಗಾಡಿ ಬಿಗಿಯಾಗಿದ್ದರೆ, ಬಿರಡೆ ತಿರುಗಿಸಿದಾಗ ತಂತಿ ಸಿಕ್ಕಿಕೊಂಡು, ಆಮೇಲೆ ‘ಟಿಣ್’ ಎಂದು ಜಾರುತ್ತದೆ. ಶ್ರುತಿ ನಿಲ್ಲುವುದಿಲ್ಲ. ಎಷ್ಟೋ ಹುಡುಗರು ಬಿರಡೆಗಳನ್ನು ದೂರಿ ದುಬಾರಿಯ ಹೊಸ ಸೆಟ್ ತರಿಸುತ್ತಾರೆ. ತಪ್ಪು ಹೆಚ್ಚಿನ ಸಲ ನಟ್‌ನದು. ಮೂಳೆಯಿಂದ ಮಾಡಿದ ನಟ್ ಕೂರಿಸಿ, ಪ್ರತಿ ತಂತಿಯ ದಪ್ಪಕ್ಕೆ ತಕ್ಕ ಅರದಿಂದ ಗಾಡಿ ಉಜ್ಜಿ, ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟರೆ, ಹಳೆಯ ಬಿರಡೆಗಳೇ ಚೆನ್ನಾಗಿ ಕೆಲಸ ಮಾಡುತ್ತವೆ. ಗಾಡಿಯಲ್ಲಿ ಪೆನ್ಸಿಲ್ಲಿನ ಗ್ರಾಫೈಟ್ ಪುಡಿ ತುಂಬಿದರೆ ತಂತಿ ಇನ್ನೂ ಸಲೀಸಾಗಿ ಜಾರುತ್ತದೆ.

ಇನ್ನೊಂದು ತುದಿಯಲ್ಲಿರುವುದು ಬ್ರಿಡ್ಜು, ಅಂದರೆ ಕುದುರೆ. 1954ರಲ್ಲಿ ಫೆಂಡರ್ ಕಂಪನಿ ತಂದ ಸ್ಟ್ರಾಟೋಕ್ಯಾಸ್ಟರ್ ಮಾದರಿಯಲ್ಲಿ ಬ್ರಿಡ್ಜಿನ ತಟ್ಟೆಯ ಕೆಳಗೆ ಲೋಹದ ಒಂದು ಬ್ಲಾಕು ದೇಹದೊಳಕ್ಕೆ ಇಳಿಯುತ್ತದೆ. ಆರೂ ತಂತಿಗಳು ಅದರೊಳಗಿಂದಲೇ ಮೇಲೆ ಬರುತ್ತವೆ. ಅಗ್ಗದ ವಾದ್ಯಗಳಲ್ಲಿ ಅದು ತೆಳ್ಳಗಿನ ಸತುವಿನ ಎರಕ. ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಬ್ಲಾಕು ಬಂದರೆ ಮೀಟಿದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ವಾದಕರ ಅನುಭವ. ಹರಿಹರದ ಕೈಗೆ ಇಲ್ಲೇ ಕೆಲಸವಿದೆ. ಒಂದು ಉಕ್ಕಿನ ಪಟ್ಟಿ, ಮಿಲ್ಲಿಂಗ್ ಯಂತ್ರ, ಆರು ತೂತು, ತಂತಿಯ ತುದಿಯ ಗುಂಡು ಕೂರಲು ಅಗಲಿಸಿದ ಬಾಯಿ, ತಟ್ಟೆಗೆ ಕೂಡಿಸಲು ಮೂರು ಥ್ರೆಡ್ಡು. ಪಳಗಿದ ಮೆಷಿನಿಸ್ಟ್‌ಗೆ ಇದು ದೊಡ್ಡ ಕೆಲಸವೇನಲ್ಲ. ಎಚ್ಚರ ಬೇಕಾದದ್ದು ಅಳತೆಯಲ್ಲಿ. ಒಂದೇ ರೂಪದ ಗಿಟಾರುಗಳಲ್ಲೂ ಮೊದಲ ಮತ್ತು ಆರನೆಯ ತಂತಿಯ ನಡುವಿನ ಅಂತರ ಒಂದರಲ್ಲಿ ಸುಮಾರು 52 ಮಿಲಿಮೀಟರ್, ಇನ್ನೊಂದರಲ್ಲಿ 56 ಇರುತ್ತದೆ. ಸ್ಕ್ರೂಗಳೂ ಕೆಲವದರಲ್ಲಿ ಮೆಟ್ರಿಕ್, ಕೆಲವದರಲ್ಲಿ ಇಂಚಿನ ಲೆಕ್ಕದವು. ವರ್ನಿಯರ್ ಹಿಡಿಯದೆ ಬಿಡಿಭಾಗ ತರಿಸಿದರೆ ಹಣ ಹೋಗುತ್ತದೆ, ಭಾಗವೂ ಕೂರುವುದಿಲ್ಲ.

ಇನ್ನು ಮುಚ್ಚಳ ಬಿಚ್ಚಿ ಒಳಗಿನ ವೈರಿಂಗ್ ನೋಡೋಣ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವುದು ಪೊಟೆನ್ಶಿಯೋಮೀಟರ್, ರೇಡಿಯೋ ರಿಪೇರಿಯವರ ಬಾಯಲ್ಲಿ ‘ಪಾಟ್’. ಒಂಟಿ ಸುರುಳಿಯ ಪಿಕಪ್ಪಿಗೆ 250 ಕಿಲೋ ಓಮ್, ಜೋಡಿ ಸುರುಳಿಯದಕ್ಕೆ 500 ಕಿಲೋ ಓಮ್ ರೂಢಿ. ಈ ಮೌಲ್ಯ ಕಡಿಮೆಯಾದಷ್ಟೂ ತೀಕ್ಷ್ಣ ಸ್ವರಾಂಶ ಹೆಚ್ಚು ಸೋರಿ ನಾದ ಮೆತ್ತಗಾಗುತ್ತದೆ. ವಾಲ್ಯೂಮಿಗೆ ನೇರ ಏರಿಕೆಯ ಪಾಟ್ ಹಾಕಿದ್ದರೆ ಗುಂಡಿಯನ್ನು ಬಹಳ ದೂರ ತಿರುಗಿಸಿದರೂ ವ್ಯತ್ಯಾಸ ಅಷ್ಟಾಗಿ ಕೇಳುವುದಿಲ್ಲ, ಕೊನೆಯಲ್ಲಿ ದನಿ ದಿಢೀರನೆ ಇಳಿಯುತ್ತದೆ. ನಮ್ಮ ಕಿವಿ ಸದ್ದನ್ನು ಅನುಪಾತದಲ್ಲಿ ಅಳೆಯುವುದರಿಂದ, ಅದಕ್ಕೆ ಒಗ್ಗುವ ಲಾಗ್ ಮಾದರಿಯ ಪಾಟ್ ಹಾಕಬೇಕು. ವಾಲ್ಯೂಮ್ ಇಳಿಸಿದಾಗ ನಾದ ಮಬ್ಬಾಗುತ್ತದೆ ಎನ್ನುವವರು ಆ ಪಾಟ್‌ನ ಎರಡು ಕಾಲುಗಳ ನಡುವೆ ಸುಮಾರು ಒಂದು ನ್ಯಾನೋಫ್ಯಾರಡ್‌ನ ಕೆಪಾಸಿಟರನ್ನು ಒಂದು ರೆಸಿಸ್ಟರಿನ ಜೊತೆ ಬೆಸೆದು ನೋಡಲಿ. ಕೆಲವೇ ರೂಪಾಯಿಯ ಕೆಲಸ, ಫಲ ದೊಡ್ಡದು. ಟೋನ್ ಕೆಪಾಸಿಟರಿನ ವಿಷಯದಲ್ಲಿ ಮಾತ್ರ ಮರುಳಾಗಬೇಡಿ. ಅದರ ಮೌಲ್ಯ 0.022 ಮೈಕ್ರೋಫ್ಯಾರಡ್ಡೋ 0.047ಓ ಎಂಬುದು ಕಿವಿಗೆ ಕೇಳುತ್ತದೆ. ಹೊದಿಕೆಯ ಬಣ್ಣ, ಹಳೆಯ ಕಾಲದ ಹೆಸರು ಕೇಳುವುದಿಲ್ಲ.

ಈಗ ಆ ಗುಂಯ್‌ಗುಟ್ಟುವ ಸದ್ದಿನ ವಿಚಾರ. ಅದರಲ್ಲಿ ಎರಡು ಬಗೆ. ಟ್ಯೂಬ್‌ಲೈಟು, ಡಿಮ್ಮರು, ಪೆಂಡಾಲಿನ ಸೀರಿಯಲ್ ಲೈಟುಗಳ ಸರದಿಂದ ಬರುವ ಚರಚರ ಸದ್ದು ಒಂದು. ಗಿಟಾರ್‌ನ ಒಳಗುಳಿಯ ಗೋಡೆಗೆಲ್ಲ ತಾಮ್ರದ ಹಾಳೆ ಅಂಟಿಸಿ, ಹಾಳೆಗಳ ಅಂಚು ಅಂಚು ಕೂಡಿಸಿ, ಗ್ರೌಂಡ್ ವೈರಿಗೆ ಬೆಸೆದರೆ ಅದು ಬಹುಪಾಲು ಅಡಗುತ್ತದೆ. ಇನ್ನೊಂದು, ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರದಿಂದ ಬರುವ 50 ಹರ್ಟ್ಸಿನ ಮಂದ್ರ ಸದ್ದು. ಅದಕ್ಕೆ ತಾಮ್ರದ ಹಾಳೆ ಗೋಡೆಯಾಗದು. ಇದಕ್ಕೆ ಮದ್ದು ಕಂಡುಕೊಂಡವರಲ್ಲಿ ಒಬ್ಬರು ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್. 1955ರ ಹೊತ್ತಿಗೆ ಅವರು ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಕೂಡಿಸಿ, ಅಯಸ್ಕಾಂತದ ಧ್ರುವಗಳನ್ನೂ ತಿರುಗಿಸಿಟ್ಟರು. ಹೊರಗಿನ ಗದ್ದಲ ಎರಡರಲ್ಲೂ ಹುಟ್ಟಿ ಒಂದನ್ನೊಂದು ಅಳಿಸಿಕೊಂಡಿತು. ತಂತಿಯ ನಾದ ಮಾತ್ರ ಎರಡೂ ಕಡೆಯಿಂದ ಕೂಡಿಕೊಂಡಿತು. ಇಷ್ಟು ಸರಳ, ಇಷ್ಟು ಸುಂದರ ಉಪಾಯವನ್ನು ನಾನು ವಾದ್ಯ ತಯಾರಿಕೆಯಲ್ಲಿ ಹೆಚ್ಚು ಕಂಡಿಲ್ಲ. ಮೂರು ಒಂಟಿ ಪಿಕಪ್ಪುಗಳ ಗಿಟಾರ್‌ನಲ್ಲೂ ನಡುವಿನದನ್ನಷ್ಟೇ ಹೀಗೆ ಉಲ್ಟಾ ಸುತ್ತಿದ ಪಿಕಪ್ಪಿಗೆ ಬದಲಿಸಿದರೆ, ಐದು ಸ್ಥಾನದ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಗುಂಯ್‌ಗುಡುವುದು ನಿಲ್ಲುತ್ತದೆ.

ಇದೆಲ್ಲ ನಿಲ್ಲುವುದು ಬೆಸುಗೆಯ ಮೇಲೆ. ಪಾಟ್‌ನ ಬೆನ್ನನ್ನು ಮರಳು ಕಾಗದದಿಂದ ಉಜ್ಜಿ, ಕಾವನ್ನು ಮೊದಲು ಲೋಹಕ್ಕೆ ಕೊಟ್ಟು, ಸೋಲ್ಡರ್ ತಾನಾಗಿ ಹರಿಯುವಂತೆ ಮಾಡಬೇಕು. ಒಳ್ಳೆಯ ಬೆಸುಗೆ ಹೊಳೆಯುತ್ತಾ ಅಂಚಿನಲ್ಲಿ ತೆಳುವಾಗಿ ಹಬ್ಬಿರುತ್ತದೆ. ಮಂಕಾಗಿ ಉಂಡೆಗಟ್ಟಿದ್ದರೆ ಒಳಗೆ ಹಿಡಿದಿಲ್ಲ ಎಂದೇ ಅರ್ಥ. ಇಂಥ ಒಂದು ಬೆಸುಗೆ ವೇದಿಕೆಯಲ್ಲಿ ಹಾಡಿನ ಮಧ್ಯೆ ಕೈಕೊಡುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿಸಿ ಕೈ ತೊಳೆಯಿರಿ. ಸೋಲ್ಡರಿನಲ್ಲಿ ಸೀಸ ಇರಬಹುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಿಟಾರ್‌ನ ತಂತಿಗಳು ಗ್ರೌಂಡ್ ವೈರಿನ ಮೂಲಕ ಆಂಪ್ಲಿಫೈಯರಿನ ಚಾಸಿಗೆ ಸೇರಿರುತ್ತವೆ. ಪೆಂಡಾಲಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದೆ, ಯಾವುದೋ ಒಂದು ಉಪಕರಣದಲ್ಲಿ ಕರೆಂಟ್ ಸೋರುತ್ತಿದ್ದರೆ, ಕೈ ತಂತಿಯ ಮೇಲೂ ತುಟಿ ಮೈಕಿನ ಮೇಲೂ ಇರುವ ಕಲಾವಿದನ ಮೈಯೇ ಅದಕ್ಕೆ ದಾರಿಯಾಗುತ್ತದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆಯೇ ಹೀಗೆ ಜೀವ ಕಳೆದುಕೊಂಡರು. ಸದ್ದು ಕಡಿಮೆಯಾಗಲಿ ಎಂದು ಮೂರನೆಯ ಪಿನ್ನನ್ನು ಕಿತ್ತು ಹಾಕುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಲಿ. ಟೆಸ್ಟರ್ ಜೇಬಿನಲ್ಲಿರಲಿ.

ದುಬಾರಿ ಪಿಕಪ್ ಹಾಕಿಸುವ ಮಾತನ್ನು ಕಡೆಗೆ ಇಟ್ಟಿದ್ದಕ್ಕೂ ಕಾರಣವಿದೆ. ನಟ್ ತಿದ್ದಿ, ಬ್ರಿಡ್ಜು ಬಿಗಿದು, ಪಾಟ್ ಬದಲಿಸಿ, ಒಳಗುಳಿಗೆ ತಾಮ್ರ ಹೊದಿಸಿ, ಕತ್ತಿನ ಮೇಲಿನ ಹನ್ನೆರಡನೆಯ ಮೆಟ್ಟಿಲಲ್ಲಿ (ಫ್ರೆಟ್) ಶ್ರುತಿ ಸರಿಹೊಂದಿಸಿದ ಮೇಲೆ ಹಳೆಯ ಪಿಕಪ್ಪಿನ ನಿಜವಾದ ದನಿ ಮೊದಲ ಸಲ ಕೇಳಿಸುತ್ತದೆ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಸಾಲದೆ ಹೋದರೆ, ಏನು ಕೊರತೆ ಎಂಬುದು ಆಗ ಖಚಿತವಾಗಿ ಗೊತ್ತಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನುಡಿಸಿ, ಕೇಳಿ, ಬರೆದಿಟ್ಟುಕೊಳ್ಳಿ. ಒಟ್ಟಿಗೆ ಎಲ್ಲ ಬದಲಿಸಿದವರಿಗೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಐಟಿಐ ಮುಗಿಸಿ ಲೇತ್ ಮುಂದೆ ನಿಂತಿರುವ ತಮ್ಮಂದಿರೇ, ಟಿವಿ ರಿಪೇರಿ ಅಂಗಡಿಯ ಅಣ್ಣಂದಿರೇ, ನಿಮ್ಮ ಕೈಯಲ್ಲಿರುವ ವಿದ್ಯೆಗೆ ಸಂಗೀತದಲ್ಲೂ ಜಾಗವಿದೆ. ಒಬ್ಬ ಗಿಟಾರ್ ವಾದಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನ ಕಿವಿ, ನಿಮ್ಮ ಅಳತೆ, ಎರಡೂ ಕೂಡಿದರೆ ಒಳ್ಳೆಯ ನಾದಕ್ಕಾಗಿ ದೊಡ್ಡ ಊರಿನ ಅಂಗಡಿಗೆ ಅಲೆಯುವುದು ತಪ್ಪುತ್ತದೆ. ಮುಂದಿನ ಹಬ್ಬದ ವೇದಿಕೆಗೆ ಇನ್ನೂ ಸಮಯವಿದೆ. ಮೂಲೆಯಲ್ಲಿಟ್ಟ ಗಿಟಾರನ್ನು ಇಳಿಸಿ, ಸ್ಕ್ರೂಡ್ರೈವರ್ ತನ್ನಿ, ಕೆಲಸ ಶುರು ಮಾಡಿ.