ಪ್ರಥಮ ರಕ್ತದಾನ

(ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ವೇದಿಕೆಯಿಂದ ಶಾಸ್ತ್ರಾರ್ಥಗಳನ್ನು ಬಲ್ಲ ಹಿರಿಯರು ಮಾತನಾಡಿರುವರು. ವಿದ್ಯಾರ್ಥಿಯಾದ ನನಗೆ ಆ ಅಧಿಕಾರವಿಲ್ಲ. ಅಪ್ಪಣೆಯಾದ ಮೇರೆಗೆ, ನಾನು ಅನುಭವಿಸಿದುದೊಂದನ್ನು ಮಾತ್ರ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು. ಅದು ನನ್ನ ಮೊದಲನೆಯ ರಕ್ತದಾನ.

ಅನ್ನವನ್ನಾಗಲಿ ಧನವನ್ನಾಗಲಿ ಕೊಡಬೇಕಾದರೆ ಮೊದಲು ಅದು ನಮ್ಮಲ್ಲಿರಬೇಕು. ಪರರು ಕೊಟ್ಟುದನ್ನುಂಡು ಓದುವ ಬಡ ವಿದ್ಯಾರ್ಥಿಯು ಏನನ್ನು ಕೊಟ್ಟಾನು? ಈ ಪ್ರಶ್ನೆಗೆ ಉತ್ತರವು ನನಗೆ ಹದಿನೆಂಟು ವರ್ಷ ತುಂಬಿದಾಗ ದೊರೆಯಿತು. ನಮ್ಮ ದೇಶದ ನಿಯಮದಂತೆ ಆ ವಯಸ್ಸಿನಿಂದ ಆರೋಗ್ಯವಂತರು ರಕ್ತವನ್ನು ಕೊಡಬಹುದು. ಕಾಲೇಜಿನಲ್ಲಿ ಶಿಬಿರವು ನಡೆಯಲಿರುವುದೆಂದು ಕೇಳಿ ನನ್ನ ತಾಯಿಯು, “ಉಂಡ ಅನ್ನ ರಕ್ತವಾಗಲು ಎಷ್ಟು ದಿನ ಬೇಕೋ! ಓದುವ ಹುಡುಗ ನೀನು, ಬೇಡಪ್ಪಾ” ಎಂದು ಕಣ್ಣೀರಿಟ್ಟಳು. ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ನಾನು ಸಾಲಿನಲ್ಲಿ ನಿಂತೆನು.

ಮೊದಲು ತೂಕವನ್ನೂ ರಕ್ತದ ಒತ್ತಡವನ್ನೂ ನೋಡಿದರು. ಬೆರಳಿನ ಹನಿಯಿಂದ ರಕ್ತದ ಸತ್ತ್ವವನ್ನು ಪರೀಕ್ಷಿಸಿದರು. ತೂಕವು ೪೫ ಕಿಲೋಗ್ರಾಮಿಗೆ ಕಡಿಮೆಯಿರಬಾರದು. ಸೂಜಿಯ ನೋವು ಜಾಲಿಯ ಮುಳ್ಳು ತಾಗಿದಷ್ಟು. ಆಮೇಲೆ ಕೊಳವೆಯು ಮುಂಗೈಗೆ ತಾಗಿತು, ಬೆಚ್ಚಗಿತ್ತು. ಇದುವರೆಗೆ ನನ್ನೊಳಗೆ ಹರಿದುದು ಈಗ ನನ್ನದಲ್ಲವೆಂಬ ಅರಿವು ಆ ಬಿಸಿಯಿಂದಲೇ ಆಯಿತು. ಹತ್ತು ನಿಮಿಷದೊಳಗೆ ೩೫೦ ಮಿಲಿಲೀಟರು ತುಂಬಿತು.

ಅಲ್ಲಿದ್ದ ವೈದ್ಯರನ್ನು ತಾಯಿಯ ಪ್ರಶ್ನೆಯನ್ನೇ ಕೇಳಿದೆನು. ಅವರು ಹೇಳಿದುದಿಷ್ಟು: ಪ್ರಾಯದವನ ಶರೀರದಲ್ಲಿ ಸುಮಾರು ಐದು ಲೀಟರು ರಕ್ತವಿರುವುದು. ಕೊಟ್ಟುದರ ದ್ರವಭಾಗವು ಒಂದೆರಡು ದಿನಗಳಲ್ಲಿಯೂ, ಕೆಂಪು ಕಣಗಳು ಕೆಲವು ವಾರಗಳಲ್ಲಿಯೂ ಮತ್ತೆ ತುಂಬಿಬರುವುವು. ಆದುದರಿಂದಲೇ ಪುರುಷರು ೯೦ ದಿನ, ಸ್ತ್ರೀಯರು ೧೨೦ ದಿನ ಕಳೆದ ಬಳಿಕ ಮಾತ್ರ ಪುನಃ ಕೊಡತಕ್ಕದ್ದು. ಕೊಡದೆ ಇದ್ದರೂ ಕೆಂಪು ಕಣದ ಆಯುಷ್ಯ ಸುಮಾರು ೧೨೦ ದಿನಗಳಷ್ಟೆ. ಆಮೇಲೆ ಅದು ಸವೆದುಹೋಗುವುದು. ಮಹನೀಯರೇ, ಕೃಪಣನೂ ಕೂಡಿಡಲಾರದ ಧನವಿದು! ಭಂಡಾರದ ಶೀತದಲ್ಲಿಟ್ಟರೂ ಕೆಂಪು ಕಣಗಳು ಆರು ವಾರಗಳಿಗಿಂತ ಹೆಚ್ಚು ನಿಲ್ಲವು. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ, ಅಪಘಾತದಲ್ಲಿ ನೊಂದವನಿಗೆ ಬೇಕಾದಾಗ, ಅಂಗಡಿಯಿಂದ ಕೊಂಡು ತರುವಂತೆಯೂ ಇಲ್ಲ. ಹಿಂದೆ ಹೊಟ್ಟೆಪಾಡಿಗಾಗಿ ರಕ್ತವನ್ನು ಮಾರುವವರಿದ್ದರು. ಸುಪ್ರೀಂ ಕೋರ್ಟಿನ ೧೯೯೬ರ ತೀರ್ಪಿನ ಫಲವಾಗಿ ಆ ಪದ್ಧತಿಯು ೧೯೯೮ರಿಂದ ನಿಷಿದ್ಧವಾಯಿತು. ಈಗ ಮನುಷ್ಯನು ಮನುಷ್ಯನಿಗೆ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಏಳುವ ಮುನ್ನ ಚೀಲದ ಮೇಲಿನ ಚೀಟಿಯನ್ನು ನೋಡಿದೆನು. ಅದರಲ್ಲಿ ಒಂದು ಸಂಖ್ಯೆ, ದಿನಾಂಕ, ರಕ್ತದ ಗುಂಪು, ಇಷ್ಟೆ. ನನ್ನ ಹೆಸರಿಲ್ಲ, ಕುಲವಿಲ್ಲ, ಊರಿಲ್ಲ. ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು ೧೯೦೧ರಲ್ಲಿ ಈ ಗುಂಪುಗಳ ಭೇದವನ್ನು ಪ್ರಕಟಿಸಿದನು. ೧೯೩೦ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು. ರಕ್ತಕ್ಕೆ ಭೇದವಿರುವುದು ನಿಜ. ಆದರೆ ಅದು ನಾವು ಮಾಡಿಕೊಂಡ ಭೇದವಲ್ಲ. ಒಡಹುಟ್ಟಿದವರ ಗುಂಪುಗಳು ಬೇರೆಯಾಗಬಹುದು. ನೂರು ಹರದಾರಿಯಾಚೆಯ ಅಪರಿಚಿತನದೂ ನಮ್ಮದೂ ಒಂದೇ ಆಗಬಹುದು. ಜಾತಿಯ ಗೋಡೆಗಳು ಆ ಚೀಟಿಯ ಮುಂದೆ ನಿಲ್ಲಲಾರವು.

ರಜೆಯಲ್ಲಿ ಊರಿಗೆ ಹೋಗಿ ತಾಯಿಗೆ ಎಲ್ಲವನ್ನೂ ತಿಳಿಸಿದೆನು. ಅವಳು ನನ್ನ ತೋಳನ್ನು ಸವರಿ, “ಯಾರಿಗೆ ಹೋಯಿತೋ?” ಎಂದಳು. ತಿಳಿಯದೆಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರಾದರೇನು, ಬದುಕಲಿ” ಎಂದಳು. ಪಡೆದವನು ಕೊಟ್ಟವನನ್ನು ಅರಿಯನು, ಕೊಟ್ಟವನು ಪಡೆದವನನ್ನು ಅರಿಯನು. ನಾನು ಕೊಟ್ಟೆನೆಂಬ ಹಮ್ಮಿಗೆ ಅಲ್ಲಿ ಎಡೆಯೆಲ್ಲಿ? ದಾಸೋಹವೆಂಬ ಮಾತಿನ ತಿರುಳನ್ನು ನಾನು ಕಿಂಚಿತ್ತಾದರೂ ತಿಳಿದುದು ಆ ದಿನ.

ಸಹಪಾಠಿಗಳೇ, ನಮ್ಮಲ್ಲಿ ಹಣವಿಲ್ಲವೆಂದು ಕೊರಗಬೇಕಾಗಿಲ್ಲ. ಆರೋಗ್ಯವುಳ್ಳ ಯೌವನವೇ ಐಶ್ವರ್ಯ. ಅಂಜಿಕೆಯಿದ್ದರೆ ವೈದ್ಯರನ್ನು ಕೇಳಿರಿ. ಹಿರಿಯರು ಅಂಜಿದರೆ ಅವರಿಗೆ ಸಮಾಧಾನವಾಗಿ ತಿಳಿಯಹೇಳಿರಿ. ಈ ಮಹೋತ್ಸವದ ನೆನಪು ಯಾರೋ ಒಬ್ಬರ ನಾಡಿಯಲ್ಲಿ ಮಿಡಿಯುವಂತಾಗಲಿ ಎಂದು ಹಾರೈಸುವೆನು.