ಸಕ್ಕರೆ ಕಾಯಿಲೆಯವರ ಕಾಲು



ಬೀಜ, ಗೊಬ್ಬರದ ಮಾತು ಆಡಬೇಕಾದ ನಾನು ಈ ದಿನ ಕಾಲಿನ ಮಾತು ತೆಗೆದಿದ್ದೇನೆ. ಕಾಲು ನೆಟ್ಟಗಿದ್ದರಲ್ಲವೇ ಹೊಲ, ಮನೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಇದು ಪಟ್ಟಣದವರ ಕಾಯಿಲೆ ಎನ್ನುವ ಕಾಲ ಹೋಯಿತು. ಹೊಳಲು, ಹಡಗಲಿ ಸೀಮೆಯಲ್ಲಿ ನೇಗಿಲು ಹಿಡಿದವರೂ ಇದರ ಗುಳಿಗೆ ನುಂಗುತ್ತಿದ್ದಾರೆ.

ಕಾಲುವೆಯ ಕೊನೆ ಭಾಗದ ಹೊಲದ ಪಾಡು ನಿಮಗೆ ಗೊತ್ತು. ಕಾಲುವೆಗೆ ಹೂಳು ತುಂಬಿದರೆ ಮೊದಲು ಒಣಗುವುದು ಅದೇ. ನಮ್ಮ ಮೈಯಲ್ಲಿ ಪಾದವೇ ಆ ಹೊಲ. ವರ್ಷಗಟ್ಟಲೆ ಸಕ್ಕರೆ ಏರಿದ್ದು, ಜೊತೆಗೆ ರಕ್ತದೊತ್ತಡ, ಕೊಬ್ಬು ಸೇರಿದರೆ ರಕ್ತನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿ ದಾರಿ ಕಿರಿದಾಗುತ್ತದೆ.

ಚರ್ಮ ಒಡೆಯದಿರುವ ತನಕ ಇಂಥ ಪಾದ ಹೇಗೋ ಬದುಕಿರುತ್ತದೆ. ಬೆಳೆ ಬರೀ ಹಸಿರಾಗಿರಲು ಬೇಕಾದ ನೀರು ಬೇರೆ, ತೆನೆ ಕಟ್ಟಲು ಬೇಕಾದ ನೀರು ಬೇರೆ. ಹಾಗೆಯೇ ಇದ್ದ ಚರ್ಮ ಉಳಿಯಲು ಸ್ವಲ್ಪ ರಕ್ತ ಸಾಕು. ಗಾಯ ಮಾಯಲು ಬಹಳ ಹೆಚ್ಚು ಬೇಕು. ಅದು ಬಾರದಿದ್ದರೆ ಒಂದು ಬಳ್ಳಾರಿ ಜಾಲಿ ಮುಳ್ಳಿನ ಗಾಯ ಬೆರಳನ್ನು, ಕೊನೆಗೆ ಕಾಲನ್ನೇ ಕಳೆಯಬಹುದು.

"ನೋವೇ ಇಲ್ಲಲ್ರೀ, ತಾನೇ ಮಾಯ್ತೈತಿ ಬಿಡ್ರಿ" ಎನ್ನುತ್ತೀರಿ. ಮೋಸ ಇರುವುದೇ ಇಲ್ಲಿ. ಸಕ್ಕರೆಯಿಂದ ನರಗಳೂ ಕೆಟ್ಟು ಪಾದ ಜೋಮು ಹಿಡಿಯುತ್ತದೆ. ನಾಯಿ ಸತ್ತ ಮನೆಗೆ ಕಳ್ಳ ಬಂದಂತೆ, ಕೀವು ಸದ್ದಿಲ್ಲದೆ ಮೇಲೇರುತ್ತದೆ.

ಯಾರಿಗೆ ಅಪಾಯ ಹೆಚ್ಚು? ಬೀಡಿ, ಸಿಗರೇಟು ಸೇದುವವರಿಗೆ. ಬಹಳ ವರ್ಷದಿಂದ ಸಕ್ಕರೆ ಹತೋಟಿಗೆ ಬಾರದವರಿಗೆ. ಮೂತ್ರಪಿಂಡ ಕೆಟ್ಟವರಿಗೆ. ಪಾದ ಜೋಮು ಹಿಡಿದವರಿಗೆ. ಹಿಂದೆ ಪಾದದಲ್ಲಿ ಹುಣ್ಣಾದವರಿಗೆ, ಬೆರಳು ಕಳೆದುಕೊಂಡವರಿಗಂತೂ ಬಹಳ ಹೆಚ್ಚು. ಇವುಗಳಲ್ಲಿ ಈ ಹೊತ್ತೇ ಬಿಡಬಹುದಾದದ್ದು ಬೀಡಿ.

ಗುರುತುಗಳನ್ನು ಕೇಳಿ. ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವುದು, ರಾತ್ರಿ ಪಾದ ನೋಯ್ದು, ಮಂಚದಿಂದ ಇಳಿಬಿಟ್ಟರೆ ಹಗುರಾಗುವುದು, ಒಂದು ಪಾದ ಮತ್ತೊಂದಕ್ಕಿಂತ ತಣ್ಣಗಿರುವುದು, ಬೆರಳು ಕಪ್ಪಾಗುವುದು. ಆದರೆ ಜೋಮು ಇದ್ದವರಿಗೆ ನೋವಿನ ಗುರುತು ಕಾಣದೆಯೂ ಇರಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯವರೆಲ್ಲ ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ಪಾದ ತೋರಿಸತಕ್ಕದ್ದು. ಅವರು ಪಾದದ ನಾಡಿ ಮುಟ್ಟಿ ನೋಡುತ್ತಾರೆ. ಬೇಕಾದರೆ ಹರಡಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುತ್ತಾರೆ. ತೋಳಿನಲ್ಲಿ 100 ಇದ್ದು ಹರಡಿನಲ್ಲಿ 90ಕ್ಕೂ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ನಾಳ ಸುಣ್ಣಗಟ್ಟಿ ಗಡುಸಾದವರಲ್ಲಿ ಈ ಲೆಕ್ಕ ತಪ್ಪಾಗಿ ಹೆಚ್ಚು ತೋರಬಹುದು. ಅಂಥವರಿಗೆ ಬೇರೆ ಪರೀಕ್ಷೆಗಳುಂಟು.

ಮನೆಯಲ್ಲಿ ಮಾಡತಕ್ಕದ್ದೇನು? ಸಂಜೆ ಹೊಲದಿಂದ ಬಂದೊಡನೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಬೆಳಕಿನಲ್ಲಿ ಅಂಗಾಲು ನೋಡಿ. ಕಣ್ಣು ಮಬ್ಬಾದವರಿಗೆ ಮಕ್ಕಳು, ಸೊಸೆಯಂದಿರು ನೋಡಲಿ. ನಸುಕಿನಲ್ಲಿ ಮಲ್ಲಿಗೆ ಬಿಡಿಸಲು ಹೋಗುವ ತಾಯಂದಿರೂ ಬರಿಗಾಲಲ್ಲಿ ಹೋಗಬೇಡಿ. ಚಪ್ಪಲಿ ಮೆಟ್ಟುವ ಮುನ್ನ ಕೊಡವಿ. ಜಾಲಿ ಮುಳ್ಳು ತೆಳು ಅಟ್ಟೆಯನ್ನೂ ತೂರಿ ಬರುತ್ತದೆ. ಅಟ್ಟೆಯ ಅಡಿಯನ್ನೂ ನೋಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಜೋಮು ಬಿಡಿಸಲೆಂದು ಕಾಲನ್ನು ಬಿಸಿನೀರಿಗೆ ಇಡಬೇಡಿ, ಬೆಂಕಿಗೆ ಕಾಸಬೇಡಿ, ಸುಟ್ಟರೂ ತಿಳಿಯದು. ಕೊಟ್ಟೂರು ತೇರಿಗೆ ಪಾದಯಾತ್ರೆ ಹೊರಡುವವರು ಮೊದಲು ವೈದ್ಯರನ್ನು ಕೇಳಿ. ಮೆಟ್ಟು ಹಾಕಿ ನಡೆದರೆ ಭಕ್ತಿ ಕಡಿಮೆಯಾಗದು.

ಗಾಯ ಕಂಡರೆ ಸುಣ್ಣ, ಸೊಪ್ಪು, ಬೂದಿ ಮೆತ್ತಬೇಡಿ. ಶುದ್ಧ ನೀರಿನಿಂದ ತೊಳೆದು, ಮಡಿ ಬಟ್ಟೆ ಸುತ್ತಿ, ಆ ಕಾಲಿನ ಮೇಲೆ ಭಾರ ಹಾಕದೆ ಅಂದೇ, ತಪ್ಪಿದರೆ ಮಾರನೆಯ ದಿನ ಆಸ್ಪತ್ರೆಗೆ ಹೋಗಿ. ಕೀವು, ಜ್ವರ, ಕಪ್ಪು ಕಂಡರೆ ಒಂದು ರಾತ್ರಿಯೂ ಕಾಯಬೇಡಿ.

ಕಾಲು ತೆಗೆಯಬೇಕೆಂಬ ಮಾತು ಬಂದರೆ, "ರಕ್ತನಾಳ ನೋಡಿದಿರಾ? ತೆರೆಯಲು ಬರುತ್ತದೆಯೇ?" ಎಂದು ವಿನಯದಿಂದ ಕೇಳಿ. ಬಲೂನು ಹಾಕಿ ನಾಳ ಹಿಗ್ಗಿಸುವುದು, ಬೇರೆ ನಾಳ ಜೋಡಿಸಿ ರಕ್ತ ಹರಿಸುವುದು ಈಗ ಸಾಧ್ಯ. ಎಲ್ಲರಿಗೂ ಆಗದು, ಆದರೆ ಕೇಳದೆ ಬಿಡಬಾರದು. ಕೀವು ಮೈಗೆ ಏರಿದ್ದರೆ ಮಾತ್ರ ವೈದ್ಯರು ಹೇಳಿದಂತೆ ಕೂಡಲೇ ನಡೆಯಿರಿ. ಆಗ ಜೀವ ಮೊದಲು.

ಎತ್ತಿನ ಗೊರಸಿಗೆ ಕಲ್ಲು ಸಿಕ್ಕಿತೇ ಎಂದು ದಿನವೂ ಎತ್ತಿ ನೋಡುವವರು ನೀವು. ಇಂದು ಸಂಜೆ ನಿಮ್ಮ ಪಾದವನ್ನೂ ಎತ್ತಿ ನೋಡಿ.