ಕಾನ್ಹೇರಿ: ನೀರು ಕಾಯ್ದ ಬೆಟ್ಟದ ಹಾದಿ



ಮುಂಬಯಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಲೋಕಲ್ ರೈಲು, ಉಡುಪಿ ಹೋಟೆಲು, ಕಡಲ ದಂಡೆ. ಅದೇ ನಗರದ ಬೊರಿವಲಿ ನಿಲ್ದಾಣದ ಪೂರ್ವಕ್ಕೆ, ನಡೆದು ಹೋಗುವಷ್ಟು ದೂರದಲ್ಲಿ, ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಕಾಡೊಂದಿದೆ. ಅದೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ರಜೆಯ ದಿನ ಬರುವ ಜನ ಹೆಚ್ಚಾಗಿ ಬಾಗಿಲ ಆಸುಪಾಸಿನಲ್ಲೇ ಸುತ್ತಾಡಿ ಮರಳುತ್ತಾರೆ. ಒಳಗೆ ಸುಮಾರು 6 ಕಿಲೋಮೀಟರ್ ಹೋದರೆ ಕಾನ್ಹೇರಿ ಗುಹೆಗಳು. ಅಲ್ಲಿಗೆ ಬಂದವರಲ್ಲೂ ಅನೇಕರು ದೊಡ್ಡ ಚೈತ್ಯವನ್ನೂ ಅದರ ಮೊಗಸಾಲೆಯ ಎತ್ತರದ ಬುದ್ಧ ವಿಗ್ರಹಗಳನ್ನೂ ನೋಡಿ ಹಿಂದಿರುಗುತ್ತಾರೆ. ನಡೆಯುವವರ ನಿಜವಾದ ಹಾದಿ ಶುರುವಾಗುವುದು ಅಲ್ಲಿಂದ ಮೇಲಕ್ಕೆ.

ಈ ಹಾದಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳದ್ದು. ಬೌದ್ಧ ಭಿಕ್ಷುಗಳು ಓಡಾಡಿದ ದಾರಿ. ಕ್ರಿ.ಪೂ. 1ನೇ ಶತಮಾನದ ಸುಮಾರಿನಿಂದ ಕ್ರಿ.ಶ. 10ನೇ ಶತಮಾನದವರೆಗೆ ಇಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆಯಲಾಯಿತು. ಹತ್ತುವಾಗ ಕಾಲ ಬಳಿ ಕಾಣುವ ಸಣ್ಣ ಕಾಲುವೆಗಳನ್ನು ಗಮನಿಸಬೇಕು. ಮಳೆ ನೀರು ಬಂಡೆಯ ಮೇಲೆ ಹರಿದು ವ್ಯರ್ಥವಾಗದಂತೆ ಅದನ್ನು ಹಿಡಿದು ಗುಹೆಗಳ ಪಕ್ಕದ ತೊಟ್ಟಿಗಳಿಗೆ ಇಳಿಸುವ ಏರ್ಪಾಡು ಅದು. ಮುಂಬಯಿಗೆ ಮಳೆ ಬರುವುದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ಎಂಟು ತಿಂಗಳು ಗುಡ್ಡದ ಮೇಲೆ ಬದುಕಬೇಕಾದರೆ ನಾಲ್ಕು ತಿಂಗಳ ನೀರನ್ನು ಕೂಡಿಡಲೇಬೇಕು. ಇಲ್ಲಿನ ಪ್ರಾಕೃತ ಶಾಸನಗಳಲ್ಲಿ ಈ ತೊಟ್ಟಿಗೆ 'ಪೋಢಿ' ಎಂಬ ಹೆಸರಿದೆ. ಕಲ್ಯಾಣ, ಸೋಪಾರಗಳಂಥ ಊರುಗಳ ಭಕ್ತರು ಗುಹೆಯಂತೆಯೇ ತೊಟ್ಟಿಯನ್ನೂ ಪುಣ್ಯಕಾರ್ಯವೆಂದು ದಾನ ಮಾಡಿದ್ದಾರೆ.

ಕನ್ನಡಿಗರಿಗೂ ಈ ಬೆಟ್ಟದ ನಂಟುಂಟು. 'ಕವಿರಾಜಮಾರ್ಗ' ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. 9ನೇ ಶತಮಾನದ ಆ ದೊರೆಯ ಹೆಸರು ಕಾನ್ಹೇರಿಯ ಶಾಸನಗಳಲ್ಲೂ ಇದೆ. ಆಗ ಉತ್ತರ ಕೊಂಕಣವನ್ನು ಆತನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ ಕೊಟ್ಟ ದ್ರಮ್ಮ ನಾಣ್ಯಗಳ ಲೆಕ್ಕದ ಜೊತೆಗೆ ಪುಸ್ತಕಗಳಿಗೆಂದು ಇಟ್ಟ ಪಾಲೂ ಅಲ್ಲಿ ದಾಖಲಾಗಿದೆ. ಮುಂದೆ 1009 ಮತ್ತು 1021ರಲ್ಲಿ ಬಂದ ಪಾರಸಿ ಯಾತ್ರಿಕರು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೊರೆದು ಹೋದರು. ಅವು ಇಂದು ಚರಿತ್ರೆಯ ಆಕರ. ಹಾಗೆಂದು ಇಂದಿನವರು ಅವರನ್ನು ಅನುಕರಿಸಬೇಕಾಗಿಲ್ಲ!

ಭಿಕ್ಷುಗಳು ಕಂಡುಕೊಂಡ ಸತ್ಯವನ್ನು ಬ್ರಿಟಿಷರು ಮತ್ತೆ ಕಂಡರು. ಬಾಯಾರಿದ ಮುಂಬಯಿಗಾಗಿ ಇದೇ ಗುಡ್ಡಗಳ ನಡುವೆ 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ ಸಿದ್ಧವಾದವು. ನಗರಕ್ಕೆ ನೀರುಣಿಸುವ ಏಳು ಜಲಾಶಯಗಳಲ್ಲಿ ಇವೆರಡೂ ಸೇರಿವೆ. ಕೆರೆಗೆ ನೀರು ಬರಬೇಕಾದರೆ ಸುತ್ತಲ ಕಾಡು ಉಳಿಯಬೇಕು. ನಗರ ನಾಲ್ಕೂ ಕಡೆಯಿಂದ ಒತ್ತಿಕೊಂಡು ಬಂದರೂ ಕಾಡು ಉಳಿದದ್ದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಚಿರತೆಗೂ, ಕಾಡಿನ ಪಾಡಾಗಳಲ್ಲಿ ನೆಲೆಸಿದ ವಾರ್ಲಿ ಜನರಿಗೂ ಆ ಕಾಡೇ ಆಸರೆ. ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ ಗಿಡ 2016ರಲ್ಲಿ, ಮತ್ತೆ 2024ರಲ್ಲಿ ಇಲ್ಲಿ ಹೂ ಬಿಟ್ಟಿತು. ಮುಂದಿನ ಸರದಿ 2032.

ಅದೇ 2024ರ ಜುಲೈನಲ್ಲಿ ಈ ಗುಡ್ಡಗಳ ಅಡಿಯಿಂದ ಠಾಣೆ–ಬೊರಿವಲಿ ಜೋಡಿ ಸುರಂಗ ರಸ್ತೆಗೆ ಶಂಕುಸ್ಥಾಪನೆಯಾಯಿತು. ಗಂಟೆಗಟ್ಟಲೆ ವಾಹನಗಳಲ್ಲಿ ಸಿಕ್ಕಿಕೊಳ್ಳುವ ಜನರ ಕಷ್ಟವೂ ಸುಳ್ಳಲ್ಲ. ಆದರೆ ಬಂಡೆಯ ಒಳಗಿನ ನೀರಿನ ದಾರಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ರಸ್ತೆಯ ಲೆಕ್ಕದಷ್ಟೇ ಗಂಭೀರವಾಗಿ ಕೇಳಬೇಕು. ನೀರಿನ ಹನಿಹನಿಗೂ ಬಂಡೆಯಲ್ಲಿ ದಾರಿ ಕೊರೆದವರ ಬೆಟ್ಟವಿದು.

ಕಾನ್ಹೇರಿಗೆ ಹೋಗುವವರು ಸೋಮವಾರದ ರಜೆಯನ್ನು ನೆನಪಿಡಲಿ. ಬೆಳಿಗ್ಗೆ ಬೇಗ ಹೊರಟು, ಹೊತ್ತಿರುವಾಗಲೇ ಇಳಿದು ಬರಲಿ. ಮೇಲಿನ ಮೆಟ್ಟಿಲುಗಳನ್ನು ಮಾತ್ರ ಹತ್ತದೆ ಮರಳದಿರಲಿ.